ಕಲ್ಯಾಣ್ ಊರಿನ ಡಾ. ಆನಂದಿಬಾಯಿ ಜೋಶಿ: ಹತ್ತಿರ ಬರುವ ವೈದ್ಯರು, ದೂರ ಉಳಿಸುವ ರೋಬೋಟ್

ಕಲ್ಯಾಣ ಎಂದೊಡನೆ ನಮಗೆ ಬೀದರ್ ಜಿಲ್ಲೆಯ ಬಸವಕಲ್ಯಾಣ ನೆನಪಾಗುತ್ತದೆ. ಇಲ್ಲಿ ಹೇಳಹೊರಟಿರುವುದು ಮುಂಬಯಿ ಪಕ್ಕದ ಕಲ್ಯಾಣ್ ಬಗ್ಗೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ ಭಾಗದಲ್ಲಿ ಸಾಕಷ್ಟು ಕನ್ನಡ ಮನೆಗಳಿವೆ. ನೀವು ಅಲ್ಲಿಯವರಾದರೆ 2020ರ ಸುದ್ದಿಯೊಂದು ನಿಮಗೆ ನೆನಪಿರಬಹುದು. ಕೋವಿಡ್ ಜೋರಾಗಿದ್ದಾಗ ಕಲ್ಯಾಣ್‌ನ ಹೋಲಿ ಕ್ರಾಸ್ ಆಸ್ಪತ್ರೆಗೆ 'ಕೊರೊ-ಬಾಟ್' ಎಂಬ ರೋಬೋಟ್ ಬಂತು. ಅದನ್ನು ರೂಪಿಸಿದವರು ಡೊಂಬಿವಲಿಯ ಒಬ್ಬ ಯುವ ಇಂಜಿನಿಯರ್. ಇಂಟರ್ನೆಟ್ ಮೂಲಕ ದೂರದಿಂದಲೇ ನಡೆಸಬಹುದಾದ ಈ ಯಂತ್ರ ರೋಗಿಗಳಿಗೆ ಊಟ, ನೀರು, ಔಷಧಿ ತಲುಪಿಸುತ್ತಿತ್ತು. ಅಷ್ಟು ಕೆಲಸಕ್ಕೆ ನರ್ಸ್ ಅಥವಾ ವಾರ್ಡ್ ಬಾಯ್ ಒಳಗೆ ಹೋಗಬೇಕಾಗಿರಲಿಲ್ಲ.

ಇಂಥ ರೋಬೋಟ್ ಬಗ್ಗೆ ರೋಗಿಗಳ ಮನೆಯವರಿಗೆ ಎರಡು ಪ್ರಶ್ನೆಗಳಿರುತ್ತವೆ. ಇದರಿಂದ ನಿಜವಾಗಿಯೂ ಸೋಂಕು ಕಡಿಮೆಯಾಗುತ್ತದೆಯೇ? ನಮ್ಮವರನ್ನು ನೋಡಿಕೊಳ್ಳಲು ಮನುಷ್ಯರೇ ಇರುವುದಿಲ್ಲವೇ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಉತ್ತರ ಹುಡುಕಲು ಇದೇ ಕಲ್ಯಾಣ್‌ನಲ್ಲಿ ಬೆಳೆದ ಒಬ್ಬ ವೈದ್ಯೆಯ ಬದುಕು ಸಹಾಯ ಮಾಡುತ್ತದೆ. ಹತ್ತಿರ ಬಂದು ನೋಡುವವರಿಲ್ಲದೆ ಅವರು ಮಗುವನ್ನು ಕಳೆದುಕೊಂಡರು. ಒಬ್ಬರಿಂದ ಒಬ್ಬರಿಗೆ ಹರಡುವ ರೋಗದಿಂದ ತಾವೇ ತೀರಿಕೊಂಡರು. ಅವರೇ ಡಾ. ಆನಂದಿಬಾಯಿ ಜೋಶಿ, ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದ ಮೊದಲ ಭಾರತೀಯ ಮಹಿಳೆ.

ಯಮುನಾ ಆನಂದಿಯಾದದ್ದು

ಆನಂದಿಬಾಯಿ ಹುಟ್ಟಿದ್ದು 1865ರ ಮಾರ್ಚ್ 31ರಂದು. ತವರಿನ ಹೆಸರು ಯಮುನಾ. ಕಲ್ಯಾಣ್‌ನ ಈ ಬ್ರಾಹ್ಮಣ ಮನೆತನ ಒಂದು ಕಾಲಕ್ಕೆ ಜಮೀನುದಾರರದ್ದು. ಯಮುನಾ ಹುಟ್ಟುವ ಹೊತ್ತಿಗೆ ಆ ಸಿರಿ ಕರಗಿತ್ತು. ಊರಿಗೆ ರೈಲು ಬಂದು ಹತ್ತು ವರ್ಷ ದಾಟಿತ್ತು. 1853ರಲ್ಲಿ ಮುಂಬಯಿಯಿಂದ ಥಾಣೆಗೆ ಬಂದ ಹಳಿ ಮರುವರ್ಷ ಕಲ್ಯಾಣ್ ಮುಟ್ಟಿತ್ತು. ರೈಲು ಬಂದರೂ ಹೆಣ್ಣುಮಕ್ಕಳ ಬದುಕು ಬದಲಾಗಿರಲಿಲ್ಲ.

ಒಂಬತ್ತನೆಯ ವಯಸ್ಸಿನಲ್ಲಿ ಯಮುನಾಳ ಮದುವೆಯಾಯಿತು. ಗಂಡ ಗೋಪಾಳರಾವ್ ಜೋಶಿ ಅಂಚೆ ಇಲಾಖೆಯ ಗುಮಾಸ್ತ, ವಿಧುರ, ಅವಳಿಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವರು. ಮದುವೆಯ ನಂತರ ಅವರೇ ಆನಂದಿ ಎಂಬ ಹೆಸರಿಟ್ಟರು. ಹೆಂಡತಿ ಓದಲೇಬೇಕು ಎನ್ನುವುದು ಅವರ ಹಟ. ಆ ಕಾಲದಲ್ಲಿ ಅದು ಅಪರೂಪ. ಓದು ಬಿಟ್ಟು ಅಡುಗೆಮನೆಯಲ್ಲಿ ಕಂಡರೆ ಗೋಪಾಳರಾವ್ ಸಿಟ್ಟಾಗುತ್ತಿದ್ದರು, ಕೈಯನ್ನೂ ಎತ್ತುತ್ತಿದ್ದರು ಎಂದು ಆನಂದಿಬಾಯಿಯ ಜೀವನಚರಿತ್ರೆಗಳು ದಾಖಲಿಸಿವೆ. ಓದಿಸಿದ ಗಂಡನೇ ನೋವನ್ನೂ ಕೊಟ್ಟರು ಎಂಬುದನ್ನು ಮರೆಮಾಚಬೇಕಿಲ್ಲ. ವರ್ಗಾವಣೆಯ ನೌಕರಿಯಾದ್ದರಿಂದ ಸಂಸಾರ ಅಲಿಬಾಗ್, ಕೊಲ್ಹಾಪುರ, ಭುಜ್, ಕೊನೆಗೆ ಕಲ್ಕತ್ತೆಯ ಕಡೆಗೆ ಸಾಗಿತು.

ಹತ್ತು ದಿನ ಬದುಕಿದ ಮಗು

ಹದಿನಾಲ್ಕನೆಯ ವಯಸ್ಸಿನಲ್ಲಿ ಆನಂದಿಬಾಯಿಗೆ ಗಂಡು ಮಗು ಹುಟ್ಟಿತು. ಬೇಕಾದ ವೈದ್ಯಕೀಯ ಆರೈಕೆ ಸಿಗದೆ ಹತ್ತೇ ದಿನಕ್ಕೆ ತೀರಿಹೋಯಿತು. ಅವರ ಬದುಕಿನ ದಿಕ್ಕು ತಿರುಗಿದ್ದು ಇಲ್ಲಿಂದಲೇ.

ಆಗಿನ ಪರಿಸ್ಥಿತಿ ಹೇಗಿತ್ತು ಎಂದು ಸ್ವಲ್ಪ ಯೋಚಿಸಿ. ವೈದ್ಯರೆಂದರೆ ಗಂಡಸರು. ಬಾಣಂತಿಯರು ಪರಗಂಡಸಿನ ಮುಂದೆ ನೋವನ್ನು ಹೇಳಿಕೊಳ್ಳುತ್ತಿರಲಿಲ್ಲ, ಮೈ ಮುಟ್ಟಿ ಪರೀಕ್ಷೆ ಮಾಡಿಸಿಕೊಳ್ಳುವುದಂತೂ ದೂರದ ಮಾತು. ಹೆರಿಗೆ ಎಂದರೆ ಸೂಲಗಿತ್ತಿ ಮತ್ತು ಮನೆಯ ಹಿರಿಯ ಹೆಂಗಸರು. ಕಷ್ಟದ ಹೆರಿಗೆಯಾದರೆ, ತಾಯಿಗೆ ಜ್ವರ ಬಂದರೆ, ಮಗು ಹಾಲು ಕುಡಿಯದಿದ್ದರೆ ಓಡಿಹೋಗಲು ಜಾಗವಿರಲಿಲ್ಲ. ಹೆಂಗಸರನ್ನು ಮುಟ್ಟಿ ನೋಡಬಲ್ಲ, ಅವರು ನಾಚದೆ ಮಾತಾಡಬಲ್ಲ ವೈದ್ಯೆ ಬೇಕು ಎಂಬುದು ಆನಂದಿಬಾಯಿಗೆ ಸ್ವಂತ ನೋವಿನಿಂದ ಮನದಟ್ಟಾಗಿತ್ತು. ತಾವೇ ಅಂಥ ವೈದ್ಯೆಯಾಗಬೇಕೆಂದು ತೀರ್ಮಾನಿಸಿದರು.

ಹಡಗಿನಲ್ಲಿ ಬಂದ ಔಷಧಿ

1880ರಲ್ಲಿ ಗೋಪಾಳರಾವ್ ಅಮೆರಿಕದ ಮಿಷನರಿ ರಾಯಲ್ ವೈಲ್ಡರ್ ಅವರಿಗೆ ಪತ್ರ ಬರೆದು, ಹೆಂಡತಿಯ ಓದಿಗೆ ಸಹಾಯ ಕೇಳಿದರು. ಮತಾಂತರವಾದರೆ ಸಹಾಯ ಸಿಗುತ್ತದೆ ಎಂಬ ಉತ್ತರ ಬಂತು. ಜೋಶಿ ದಂಪತಿಗೆ ಅದು ಒಪ್ಪಿಗೆಯಾಗಲಿಲ್ಲ. ಆದರೆ ವೈಲ್ಡರ್ ಈ ಪತ್ರವ್ಯವಹಾರವನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ನ್ಯೂಜೆರ್ಸಿಯ ರೋಸೆಲ್ ಊರಿನ ಥಿಯೊಡಿಸಿಯಾ ಕಾರ್ಪೆಂಟರ್ ಎಂಬ ಮಹಿಳೆ ಹಲ್ಲಿನ ಡಾಕ್ಟರ ಬಳಿ ಸರದಿ ಕಾಯುತ್ತಾ ಕುಳಿತಿದ್ದಾಗ ಅದನ್ನು ಓದಿ, ಆನಂದಿಬಾಯಿಗೆ ಕಾಗದ ಬರೆದರು. ಇಬ್ಬರ ನಡುವೆ ಅಕ್ಕ–ತಂಗಿಯಂಥ ಸ್ನೇಹ ಬೆಳೆಯಿತು.

ಕಲ್ಕತ್ತೆಯಲ್ಲಿದ್ದಾಗಲೇ ಆನಂದಿಬಾಯಿಯ ಆರೋಗ್ಯ ಚೆನ್ನಾಗಿರಲಿಲ್ಲ. ನಿಶ್ಶಕ್ತಿ, ತಲೆನೋವು, ಆಗಾಗ ಜ್ವರ, ಕೆಲವೊಮ್ಮೆ ಉಸಿರಾಟದ ತೊಂದರೆ. ಕಾರ್ಪೆಂಟರ್ ಅಮೆರಿಕದಿಂದ ಔಷಧಿ ಕಳುಹಿಸಿದರು. ಗುಣ ಕಾಣಲಿಲ್ಲ. ಔಷಧಶಾಸ್ತ್ರ ಓದಿದ ನನಗೆ ಇದು ಮುಖ್ಯ ಎನ್ನಿಸುತ್ತದೆ. ಕಳುಹಿಸಿದವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ, ಔಷಧಿಯೂ ಕೈ ಸೇರಿತು. ಆದರೆ ಹತ್ತಿರ ಕುಳಿತು ಎದೆಯ ಸದ್ದು ಕೇಳಿ, ಕಾಯಿಲೆ ಇಂಥದ್ದು ಎಂದು ಗುರುತಿಸುವವರು ಬೇಕಿತ್ತು. ಔಷಧಿ ತಲುಪಿಸುವುದು ಚಿಕಿತ್ಸೆಯ ಒಂದು ಭಾಗ ಮಾತ್ರ. ಇಂದು ರೋಬೋಟ್ ಮಾಡುವುದು ಈ ಒಂದು ಭಾಗದ ಕೆಲಸವನ್ನೇ.

ಫಿಲಡೆಲ್ಫಿಯಾದ ತರಗತಿ

ಹೆಂಗಸು ಒಬ್ಬಳೇ ಕಡಲು ದಾಟುವುದಕ್ಕೆ ಸಮಾಜದಿಂದ ವಿರೋಧ ಬಂತು. 1883ರ ಫೆಬ್ರವರಿಯಲ್ಲಿ ಸೆರಾಂಪುರದ ಕಾಲೇಜು ಸಭಾಂಗಣದಲ್ಲಿ ಆನಂದಿಬಾಯಿ ಎಲ್ಲರ ಮುಂದೆ ನಿಂತು ತಾವು ಯಾಕೆ ಹೋಗುತ್ತಿದ್ದೇವೆ ಎಂದು ವಿವರಿಸಿದರು. ಈ ದೇಶದ ಹೆಂಗಸರಿಗೆ ಹೆಂಗಸು ವೈದ್ಯರು ಬೇಕು, ಹೋದ ಧರ್ಮದಲ್ಲೇ ಮರಳಿ ಬರುತ್ತೇನೆ ಎಂಬುದು ಅವರ ಮಾತಿನ ಸಾರ. ಭಾಷಣದ ಸುದ್ದಿ ಹಬ್ಬಿ ಹಲವು ಕಡೆಯಿಂದ ನೆರವಿನ ಹಣ ಬಂತು. ಏಪ್ರಿಲ್‌ನಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿ ಜೂನ್‌ನಲ್ಲಿ ನ್ಯೂಯಾರ್ಕ್ ತಲುಪಿದರು. ಬರಮಾಡಿಕೊಂಡವರು ಕಾರ್ಪೆಂಟರ್. ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನ ಡೀನ್ ರೇಚಲ್ ಬಾಡ್ಲಿ ಅವರಿಗೆ ಸೀಟು ಕೊಟ್ಟರು. ಆಗ ಆನಂದಿಬಾಯಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಅವರು ಓದಿದ ವರ್ಷಗಳು ವೈದ್ಯಶಾಸ್ತ್ರದಲ್ಲಿ ದೊಡ್ಡ ಬದಲಾವಣೆಯ ವರ್ಷಗಳು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಒಂದು ಸಂಗತಿ ಗಮನಿಸಿದ್ದರು. ಶವಪರೀಕ್ಷೆ ಮಾಡಿ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದ ವೈದ್ಯರು ಮತ್ತು ವಿದ್ಯಾರ್ಥಿಗಳ ವಾರ್ಡ್‌ನಲ್ಲಿ ಬಾಣಂತಿ ಜ್ವರದ ಸಾವು ಹೆಚ್ಚು, ಸೂಲಗಿತ್ತಿಯರ ವಾರ್ಡ್‌ನಲ್ಲಿ ಕಡಿಮೆ. ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ ಮೇಲೆ ಸಾವು ಹಲವು ಪಟ್ಟು ಇಳಿಯಿತು. 1867ರಲ್ಲಿ ಜೋಸೆಫ್ ಲಿಸ್ಟರ್ ಶಸ್ತ್ರಚಿಕಿತ್ಸೆಯಲ್ಲಿ ಕಾರ್ಬಾಲಿಕ್ ಆಮ್ಲ ಬಳಸಿ ಗಾಯ ಕೀವಾಗುವುದನ್ನು ತಡೆಯುವ ಕ್ರಮವನ್ನು ಪ್ರಕಟಿಸಿದರು. 1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಕ್ಷಯರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದದ್ದಾಗಿ ಹೇಳಿದರು. ಆನಂದಿಬಾಯಿ ಅಮೆರಿಕ ಸೇರುವ ಮುಂಚಿನ ವರ್ಷವದು.

ಇವೆಲ್ಲದರಿಂದ ವೈದ್ಯರಿಗೆ ನಿಧಾನವಾಗಿ ಅರಿವಾದದ್ದು ಇಷ್ಟು: ರೋಗಿಯನ್ನು ಉಳಿಸಲು ಬರುವ ಕೈಯೇ ರೋಗವನ್ನು ಹೊತ್ತು ತರಬಹುದು. ಆದ್ದರಿಂದ ಕೈ ಮೊದಲು ಶುದ್ಧವಾಗಿರಬೇಕು. ಹೆರಿಗೆಯ ವಿಷಯದಲ್ಲಿ ಇದು ತಾಯಿ–ಮಗುವಿನ ಪ್ರಾಣದ ಪ್ರಶ್ನೆ. ಆನಂದಿಬಾಯಿ ತಮ್ಮ ಪ್ರಬಂಧಕ್ಕೆ ಆರಿಸಿಕೊಂಡದ್ದೂ ಹೆರಿಗೆಯ ವಿಷಯವನ್ನೇ. ಆರ್ಯ ಹಿಂದೂಗಳಲ್ಲಿ ಪ್ರಸೂತಿ ಪದ್ಧತಿ ಎಂಬ ಆ ಪ್ರಬಂಧದಲ್ಲಿ ಆಯುರ್ವೇದ ಗ್ರಂಥಗಳನ್ನೂ ಅಮೆರಿಕದ ಪಠ್ಯಗಳನ್ನೂ ಬಳಸಿದರು. 1886ರ ಮಾರ್ಚ್ 11ರಂದು ಎಂ.ಡಿ. ಪದವಿ ಕೈಗೆ ಬಂತು. ಸಮಾರಂಭಕ್ಕೆ ಪಂಡಿತಾ ರಮಾಬಾಯಿ ಬಂದಿದ್ದರು.

ಊರಿಗೆ ಬಂದದ್ದು, ಉಳಿಯದೆ ಹೋದದ್ದು

ಫಿಲಡೆಲ್ಫಿಯಾದ ಚಳಿ ಮತ್ತು ಒಗ್ಗದ ಊಟ ಅವರ ದೇಹವನ್ನು ಇನ್ನಷ್ಟು ಬಳಲಿಸಿದವು. ಕ್ಷಯರೋಗ ಕಾಣಿಸಿಕೊಂಡಿತು. ಅದರ ನಡುವೆಯೇ ಓದು ಮುಗಿಸಿದ್ದರು. ಕೊಲ್ಹಾಪುರ ಸಂಸ್ಥಾನ ಅವರನ್ನು ತನ್ನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಾರ್ಡ್‌ನ ವೈದ್ಯೆಯಾಗಿ ನೇಮಿಸಿತು. ನಮ್ಮ ಬೆಳಗಾವಿಗೆ ಹತ್ತಿರದ ಊರು ಅದು. ಹೆಂಗಸರಿಗಾಗಿ ಒಂದು ವಾರ್ಡ್, ಅಲ್ಲಿ ಹೆಂಗಸೇ ವೈದ್ಯೆ ಎಂಬ ಕನಸು ಕೈಗೆಟುಕಿತ್ತು.

1886ರ ಕೊನೆಯಲ್ಲಿ ಆನಂದಿಬಾಯಿ ಭಾರತಕ್ಕೆ ಮರಳಿದರು. ಜನ ಸಂಭ್ರಮದಿಂದ ಸ್ವಾಗತಿಸಿದರು. ಆದರೆ ಕಾಯಿಲೆ ಅವರನ್ನು ಕೆಲಸದಲ್ಲಿ ನೆಲೆನಿಲ್ಲಲು ಬಿಡಲಿಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡರು. ಇಪ್ಪತ್ತೆರಡು ತುಂಬಲು ಇನ್ನೂ ಒಂದು ತಿಂಗಳಿತ್ತು. ಅವರ ಚಿತಾಭಸ್ಮವನ್ನು ಕಾರ್ಪೆಂಟರ್ ಅವರಿಗೆ ಕಳುಹಿಸಲಾಯಿತು. ನ್ಯೂಯಾರ್ಕ್ ರಾಜ್ಯದ ಪೌಕೀಪ್ಸಿಯಲ್ಲಿ ಆ ಕುಟುಂಬದ ಸ್ಮಶಾನದಲ್ಲಿ ಅದನ್ನು ಇರಿಸಿದ್ದಾರೆ.

ಕ್ಷಯಕ್ಕೆ ಕಾರಣ ಯಾವುದೆಂದು ಆಗ ಗೊತ್ತಿತ್ತು, ಅದನ್ನು ಕೊಲ್ಲುವ ಔಷಧಿ ಇರಲಿಲ್ಲ. ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1940ರ ದಶಕದಲ್ಲಿ. ಇಂದು ಔಷಧಿಗೆ ಬಗ್ಗುವ ಸಾಮಾನ್ಯ ಟಿ.ಬಿ.ಗೆ 6 ತಿಂಗಳ ಚಿಕಿತ್ಸೆ ಇದೆ, ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ. ಸರಿಯಾದ ಔಷಧಿ ಶುರುವಾದ ಕೆಲವು ವಾರಗಳಲ್ಲೇ ರೋಗ ಇತರರಿಗೆ ಹರಡುವುದು ಬಹಳ ಕಡಿಮೆಯಾಗುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಇದ್ದರೆ ಕಫ ಪರೀಕ್ಷೆ ಮಾಡಿಸಲು ತಡ ಮಾಡಬೇಡಿ.

ರೋಬೋಟ್ ಏನು ಮಾಡಬಲ್ಲದು?

ಆನಂದಿಬಾಯಿಯ ಕಾಲದ ಸಮಸ್ಯೆ ಇಂದಿಗೂ ಪೂರ್ತಿ ಹೋಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಲೆಕ್ಕದಂತೆ, ಆಸ್ಪತ್ರೆಗೆ ದಾಖಲಾದ 100 ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಜನರಿಗೆ, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15 ಜನರಿಗೆ ಆಸ್ಪತ್ರೆಯಲ್ಲೇ ಕನಿಷ್ಠ ಒಂದು ಹೊಸ ಸೋಂಕು ತಗಲುತ್ತದೆ. ಸೋಂಕು ಹರಡುವ ದಾರಿಗಳು ಮುಖ್ಯವಾಗಿ ಮೂರು: ಕೈಗಳು, ಮುಟ್ಟುವ ವಸ್ತುಗಳು, ಉಸಿರಾಡುವ ಗಾಳಿ. ರೋಬೋಟ್‌ಗಳು ಈ ದಾರಿಗಳನ್ನು ಬೇರೆ ಬೇರೆ ರೀತಿಯಲ್ಲಿ ಕಿರಿದು ಮಾಡುತ್ತವೆ.

ಮೊದಲನೆಯದು ಸಾಮಾನು ಸಾಗಿಸುವ ರೋಬೋಟ್. ಕಲ್ಯಾಣ್‌ಗೆ ಬಂದದ್ದು ಈ ಬಗೆಯದು. ಊಟದ ತಟ್ಟೆ ಕೊಡಲು, ನೀರಿಡಲು, ಮಾತ್ರೆ ಕೊಡಲು ಸಿಬ್ಬಂದಿ ದಿನಕ್ಕೆ ಹಲವು ಸಲ ಸೋಂಕಿನ ಕೋಣೆಗೆ ಹೋಗಬೇಕಾಗುತ್ತದೆ. ಪ್ರತಿ ಸಲವೂ ರಕ್ಷಣಾ ಉಡುಪು, ಮಾಸ್ಕ್, ಗ್ಲೌಸ್ ಹಾಕಿ ತೆಗೆಯಬೇಕು. ತೆಗೆಯುವಾಗ ಸ್ವಲ್ಪ ಎಚ್ಚರ ತಪ್ಪಿದರೂ ಸೋಂಕು ತಗಲಬಹುದು. ಈ ಓಡಾಟದಲ್ಲಿ ಕೆಲವನ್ನು ಯಂತ್ರ ವಹಿಸಿಕೊಂಡರೆ ಅಪಾಯದ ಸಂದರ್ಭಗಳು ಅಷ್ಟು ಕಡಿಮೆಯಾಗುತ್ತವೆ.

ಎರಡನೆಯದು ತಪಾಸಣೆಯ ರೋಬೋಟ್. 2020ರಲ್ಲಿ ಬೆಂಗಳೂರಿನ ಫೋರ್ಟಿಸ್ ಆಸ್ಪತ್ರೆಯಲ್ಲಿ ಒಳಗೆ ಬರುವವರ ಜ್ವರ ನೋಡಿ ಪ್ರಶ್ನೆ ಕೇಳಲು 'ಮಿತ್ರ' ಎಂಬ ರೋಬೋಟ್ ಬಳಸಿದ್ದರು. ಬಾಗಿಲಲ್ಲಿ ನಿಲ್ಲುವ ಸಿಬ್ಬಂದಿ ನೂರಾರು ಜನರ ಎದುರು ಉಸಿರಾಡುವುದು ಇದರಿಂದ ತಪ್ಪುತ್ತದೆ.

ಮೂರನೆಯದು ಅತಿನೇರಳೆ ಕಿರಣದ, ಅಂದರೆ ಯುವಿ ರೋಬೋಟ್. ಖಾಲಿ ಕೋಣೆಯೊಳಗೆ ಈ ಯಂತ್ರವನ್ನು ಬಿಟ್ಟರೆ ಅದರ ಕಿರಣ ಮಂಚ, ಮೇಜು, ಗೋಡೆಗಳ ಮೇಲಿನ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಅಮೆರಿಕದ 9 ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಮೂಲಿ ಶುಚಿಗೊಳಿಸುವಿಕೆಯ ಜೊತೆಗೆ ಯುವಿ ಯಂತ್ರವನ್ನೂ ಬಳಸಿದಾಗ, ಅದೇ ಕೋಣೆಗೆ ನಂತರ ಬಂದ ರೋಗಿಗಳಲ್ಲಿ ಕೆಲವು ಹಟಮಾರಿ ಬ್ಯಾಕ್ಟೀರಿಯಾಗಳು ಸುಮಾರು 30 ಶೇಕಡ ಕಡಿಮೆ ಕಂಡವು. ಆದರೆ ಕರುಳಿನ ಸೋಂಕು ತರುವ ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ವಿಷಯದಲ್ಲಿ, ಬ್ಲೀಚ್‌ನಿಂದ ತೊಳೆದದ್ದಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ರೋಬೋಟ್ ಏನು ಮಾಡಲಾರದು?

ಯುವಿ ಕಿರಣ ನೆರಳಿರುವ ಕಡೆ ಸರಿಯಾಗಿ ತಲುಪುವುದಿಲ್ಲ. ಕೊಳೆ ಅಥವಾ ರಕ್ತದ ಪದರವಿದ್ದರೆ ಅದರಡಿಗೂ ಹೋಗುವುದಿಲ್ಲ. ಆದ್ದರಿಂದ ಮೊದಲು ಒಬ್ಬರು ಒರೆಸಿ ತೊಳೆಯಲೇಬೇಕು. ಈ ಕಿರಣ ಕಣ್ಣಿಗೂ ಚರ್ಮಕ್ಕೂ ಹಾನಿಕರ. ಯಂತ್ರ ಕೆಲಸ ಮಾಡುತ್ತಿರುವಾಗ ಕೋಣೆಯೊಳಗೆ ಯಾರೂ ಇರಬಾರದು. ಮನೆಗೆಂದು ಮಾರುವ ಯುವಿ ದೀಪವನ್ನು ಕೈಗೆ, ಮೈಗೆ ಹಿಡಿಯಬೇಡಿ.

ಸಾಮಾನು ತರುವ ರೋಬೋಟ್ ಕೂಡ ಒಂದು ವಾರ್ಡ್‌ನಿಂದ ಇನ್ನೊಂದಕ್ಕೆ ಹೋಗುತ್ತದೆ. ಅದರ ತಟ್ಟೆ, ಹಿಡಿ, ಗುಂಡಿಗಳನ್ನು ಒರೆಸದಿದ್ದರೆ ಅದೇ ಸೋಂಕಿನ ವಾಹನವಾದೀತು. ಗಾಳಿಯಲ್ಲಿ ಹರಡುವ ಟಿ.ಬಿ.ಯಂಥ ರೋಗಕ್ಕೆ ಕಿಟಕಿ ತೆರೆದ, ಗಾಳಿಯಾಡುವ ವಾರ್ಡ್ ಮತ್ತು ಮಾಸ್ಕ್ ಬೇಕೇ ಬೇಕು. ಟಿ.ಬಿ. ತಟ್ಟೆ, ಲೋಟ, ಬಟ್ಟೆಗಳಿಂದ ಹರಡುವುದಿಲ್ಲ. ಅಲ್ಲಿ ರೋಬೋಟಿನ ಉಪಯೋಗ, ಸಿಬ್ಬಂದಿ ಆ ಕೋಣೆಯ ಗಾಳಿಯಲ್ಲಿ ಕಳೆಯುವ ಹೊತ್ತನ್ನು ಕಡಿಮೆ ಮಾಡುವುದು ಅಷ್ಟೇ.

ಇನ್ನು ಕಾಯಿಲೆ ಗುರುತಿಸುವ ಮಾತು. ಊಟ ಮುಟ್ಟಿಲ್ಲ, ಮಾತು ತೊದಲುತ್ತಿದೆ, ತುಟಿ ನೀಲಿಯಾಗಿದೆ ಎಂಬುದನ್ನು ಊಟ ಕೊಡಲು ಬಂದ ನರ್ಸ್ ಒಂದೇ ನೋಟದಲ್ಲಿ ಗಮನಿಸುತ್ತಾರೆ. ಯಂತ್ರ ತಟ್ಟೆಯಿಟ್ಟು ಹೋದರೆ ಆ ನೋಟ ತಪ್ಪಿಹೋಗುತ್ತದೆ. ವಯಸ್ಸಾದವರು, ಕಿವಿ ಮಂದವಾದವರು, ಹಿಂದಿ–ಮರಾಠಿ ಬಾರದೆ ಕನ್ನಡ ಮಾತ್ರ ಆಡುವ ತಾಯಂದಿರು ಯಂತ್ರದ ಪರದೆಯ ಮುಂದೆ ಸುಮ್ಮನಾಗಿಬಿಡಬಹುದು. ಆನಂದಿಬಾಯಿ ಕಡಲು ದಾಟಿದ್ದು ಇಂಥ ಸುಮ್ಮನಿರುವಿಕೆಗೆ ಪರಿಹಾರ ಹುಡುಕಿಯೇ. ಆದ್ದರಿಂದ ರೋಬೋಟ್ ಉಳಿಸಿಕೊಟ್ಟ ಸಮಯ ಮತ್ತೆ ರೋಗಿಯ ಬಳಿಗೇ ಬರಬೇಕು. ತಟ್ಟೆ ಹೊರುವ ಕೆಲಸ ಯಂತ್ರಕ್ಕೆ ಹೋಗಲಿ. ಮೈ ಮುಟ್ಟಿ, ಕಣ್ಣು ನೋಡಿ, ಮಾತು ಕೇಳುವ ಕೆಲಸ ಶುದ್ಧ ಕೈಯ ಮನುಷ್ಯರಲ್ಲೇ ಉಳಿಯಲಿ.

ನೀವು ಮಾಡಬಹುದಾದದ್ದು

ನಿಮ್ಮವರು ಆಸ್ಪತ್ರೆಯಲ್ಲಿದ್ದರೆ, ಅಲ್ಲಿ ರೋಬೋಟ್ ಇರಲಿ ಬಿಡಲಿ, ಈ ಕೆಲವು ಸಂಗತಿಗಳು ನಿಮ್ಮ ಕೈಯಲ್ಲಿವೆ.

• ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ನಂತರ, ಮಂಚ–ಮೇಜು ಮುಟ್ಟಿದ ನಂತರ, ಶೌಚ–ವಾಂತಿ ಶುಚಿ ಮಾಡಿದ ನಂತರ ಕೈ ಶುದ್ಧ ಮಾಡಿಕೊಳ್ಳಿ. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು ಉಜ್ಜಿ. ಸೋಪು–ನೀರಾದರೆ ಒಟ್ಟು 40ರಿಂದ 60 ಸೆಕೆಂಡು ಬೇಕು.

• ಕೈ ಕೊಳೆಯಾಗಿ ಕಂಡರೆ, ಅಥವಾ ರೋಗಿಗೆ ಭೇದಿ ಇದ್ದರೆ, ಸ್ಯಾನಿಟೈಸರ್ ಸಾಲದು. ಸೋಪು ಹಾಕಿ ತೊಳೆಯಿರಿ.

• ವೈದ್ಯರು, ನರ್ಸ್ ಮುಟ್ಟುವ ಮೊದಲು ಕೈ ಶುದ್ಧ ಮಾಡಿಕೊಂಡಿದ್ದಾರೆಯೇ ಎಂದು ವಿನಯದಿಂದ ಕೇಳಬಹುದು. ಅದು ಅಪಮಾನವಲ್ಲ, ನಿಮ್ಮ ಹಕ್ಕು.

• ಔಷಧಿಯನ್ನು ಯಂತ್ರ ತಂದರೂ ಮನುಷ್ಯರು ತಂದರೂ ಪೊಟ್ಟಣದ ಮೇಲಿನ ರೋಗಿಯ ಹೆಸರು, ಔಷಧಿಯ ಹೆಸರು, ಪ್ರಮಾಣ, ಹೊತ್ತು ನೋಡಿ. ಗುಳಿಗೆಯ ಬಣ್ಣ ಅಥವಾ ಆಕಾರ ನಿನ್ನೆಯದಕ್ಕಿಂತ ಬೇರೆ ಕಂಡರೆ ನುಂಗಿಸುವ ಮೊದಲು ನರ್ಸ್ ಅಥವಾ ಫಾರ್ಮಸಿಸ್ಟ್ ಅವರನ್ನು ಕೇಳಿ.

• ಪ್ರತ್ಯೇಕ ಕೋಣೆಯಲ್ಲಿ ರೋಬೋಟ್ ಬಳಸುತ್ತಿದ್ದರೆ ಎರಡು ವಿಷಯ ವಿಚಾರಿಸಿಕೊಳ್ಳಿ: ದಿನಕ್ಕೆ ಎಷ್ಟು ಸಲ ನರ್ಸ್ ಅಥವಾ ವೈದ್ಯರು ಖುದ್ದಾಗಿ ಬಂದು ನೋಡುತ್ತಾರೆ? ತುರ್ತಾದರೆ ರೋಗಿ ಯಾವ ಗುಂಡಿ ಒತ್ತಬೇಕು? ಆ ಗುಂಡಿಯನ್ನು ರೋಗಿಗೆ ತೋರಿಸಿ, ಒಮ್ಮೆ ಒತ್ತಿಸಿಯೇ ಬನ್ನಿ.

• ಒಳಗೆ ಬಿಡದಿದ್ದರೆ ವಿಡಿಯೋ ಕರೆ ಮಾಡಿಸಲು ಕೇಳಿ. ನಿಮ್ಮ ಭಾಷೆಯಲ್ಲಿ ಮಾತಾಡಿ. ಊಟ, ನಿದ್ದೆ, ಉಸಿರು, ಮೂತ್ರ ಹೇಗಿದೆ ಎಂದು ಒಂದೊಂದಾಗಿ ವಿಚಾರಿಸಿ, ಬದಲಾವಣೆ ಕಂಡರೆ ಸಿಬ್ಬಂದಿಗೆ ತಿಳಿಸಿ.

• ನಿಮಗೇ ಕೆಮ್ಮು, ನೆಗಡಿ, ಜ್ವರ, ಭೇದಿ ಇದ್ದರೆ ಆಸ್ಪತ್ರೆಗೆ ಹೋಗಬೇಡಿ. ಮನೆಯ ಇನ್ನೊಬ್ಬರನ್ನು ಕಳುಹಿಸಿ.

ಆನಂದಿಬಾಯಿ ಜೋಶಿ ಹೆಚ್ಚು ರೋಗಿಗಳನ್ನು ನೋಡುವಷ್ಟು ಕಾಲ ಬದುಕಲಿಲ್ಲ. ಆದರೆ ವಾರ್ಡ್‌ನಲ್ಲಿ ವೈದ್ಯೆಯೊಬ್ಬರು ಬಾಣಂತಿಯ ಪಕ್ಕ ಕುಳಿತು ನಾಡಿ ಹಿಡಿಯುವುದು ಇಂದು ನಮಗೆ ಮಾಮೂಲಿ ನೋಟವಾಗಿದೆ. ಅವರಂಥವರು ಕಷ್ಟಪಟ್ಟು ತೆರೆದ ದಾರಿ ಅದು. ನಾಳೆ ಆಸ್ಪತ್ರೆಗೆ ಹೋದಾಗ ಬಾಗಿಲಲ್ಲಿ ಕೈ ಶುದ್ಧ ಮಾಡಿಕೊಂಡು ಒಳಗೆ ಹೋಗಿ, ನಿಮ್ಮವರ ಕೈ ಹಿಡಿದುಕೊಂಡು ಹತ್ತು ನಿಮಿಷ ಕುಳಿತುಕೊಳ್ಳಿ.